ಅತ್ತೆಯ ಫೋಟೋದ ಕೆಳಗಿನ ಪದ

ಫೋಟೋದಲ್ಲಿ ಅತ್ತೆಯ ಎಡಹುಬ್ಬಿನ ಮೇಲೆ ರಾಗಿಹಿಟ್ಟು ಕೂತಿದೆ. ಬಲಹುಬ್ಬು ಕಪ್ಪು, ಎಡದ್ದು ಬೂದು. ಗಿರಣಿ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಕ್ಯಾಮೆರಾದ ಕಡೆ ತಿರುಗುವ ಆತುರದಲ್ಲಿ ಅಷ್ಟು ಉಳಿದುಹೋಗಿತ್ತು. ಮುಖದಲ್ಲಿ ನಗು ಇಲ್ಲ. ಫೋಟೋ ತೆಗೆಸಿಕೊಳ್ಳುವಾಗ ಹಲ್ಲು ಕಾಣಬಾರದು ಎಂದು ನಂಬಿದವರು ಅವರು. ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು. ಇಂಗ್ಲಿಷ್ ಸಾಲಿನಲ್ಲಿ ‘ಡೌನ್‌ಟ್ರಾಡನ್’ ಎಂಬ ಪದವಿತ್ತು. ಕನ್ನಡದ ಸಾಲು ಹೀಗಿತ್ತು: ‘ಬಾಲ್ಯದಲ್ಲೇ ಶಾಲೆ ತೊರೆಯಬೇಕಾಗಿ ಬಂದ, ತುಳಿತಕ್ಕೊಳಗಾದ ಈ ಮಹಿಳೆ ಇಂದು ಸ್ವಂತ ಗಿರಣಿಯ ಒಡತಿ.’

ಅತ್ತೆ ಅಪ್ಪನ ಒಬ್ಬಳೇ ತಂಗಿ. ಅತ್ತೆಗೆ ಅಪ್ಪ ಒಬ್ಬನೇ ಅಣ್ಣ. ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು, ಹೊಗೆಸೊಪ್ಪು ಬೆಳೆಯುವ ಊರು. ಅತ್ತೆ ಅಲ್ಲಿಂದ ಕೃಷ್ಣರಾಜನಗರದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಹೋದರು. ಭತ್ತ, ಕಬ್ಬು ಮಾವನ ಪಾಲು. ಹಿಟ್ಟಿನ ಗಿರಣಿ ಅತ್ತೆಯದು. ಗಿರಣಿಯ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾಗಿ, ಸದ್ದಿಲ್ಲದ ಕಡೆಯೂ ಅವರು ಅದೇ ದನಿಯಲ್ಲಿ ಮಾತಾಡುತ್ತಾರೆ. ನಾನು ಇಂಗ್ಲಿಷ್ ಎಂ.ಎ. ಓದಿ ಹುಣಸೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆಯಲ್ಲಿರುತ್ತೇನೆ.

ತಮ್ಮ ದುಡಿಮೆಯಿಂದ ಮೇಲೆ ಬಂದ ಹಳ್ಳಿಯ ಹೆಂಗಸರ ಬಗ್ಗೆ ಮೈಸೂರಿನ ಒಂದು ಸಂಸ್ಥೆ ಕಿರುಪುಸ್ತಕ ತರುತ್ತಿತ್ತು. ಅಲ್ಲಿಂದ ಬಂದ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಅತ್ತೆ ನನ್ನನ್ನು ಕರೆಸಿಕೊಂಡರು. ಗಿರಣಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಾವು ಮೂವರೂ ಕೂತೆವು. ಹುಡುಗಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅತ್ತೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ. ನಡುನಡುವೆ ಯಾರಾದರೂ ಚೀಲ ತಂದರೆ ಅತ್ತೆ ಎದ್ದು ಹೋಗಿ ಬೀಸಿಕೊಟ್ಟು ಬರುತ್ತಿದ್ದರು. ಓದು ಯಾಕೆ ನಿಂತಿತು ಎಂದು ಹುಡುಗಿ ಕೇಳಿದಾಗ ಅತ್ತೆ, ಆಗ ಮನೆಯಲ್ಲಿ ಹೊಗೆಸೊಪ್ಪು ಕಟ್ಟಲು ಆಳಿರಲಿಲ್ಲ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂದರು. ಬೆಲೆ ಏರಿದ್ದೋ ಮಳೆ ಬಂದದ್ದೋ ಹೇಳುವ ಹಾಗೆ ಹೇಳಿ ಮುಂದಿನ ಮಾತಿಗೆ ಹೋದರು. ನಾನೂ ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಒಳ್ಳೆಯವಳು. ಅತ್ತೆಯ ಕೈಯನ್ನು ಹಿಡಿದುಕೊಂಡಳು. ಯಾಕೆ ಹಿಡಿದುಕೊಂಡಳು ಎಂದು ಅತ್ತೆಗೆ ತಿಳಿಯಲಿಲ್ಲ. ಬಿಡಿಸಿಕೊಳ್ಳಲೂ ಇಲ್ಲ.

ಹೀಗೆ ಕನ್ನಡದಲ್ಲಿ ಆಡಿದ ಮಾತು ನನ್ನ ಬಾಯಿಂದ ಇಂಗ್ಲಿಷಾಯಿತು. ಆ ಹುಡುಗಿ ಅದನ್ನು ಬರೆಯುವಾಗ ತನ್ನ ಕನಿಕರದ ಪದವೊಂದನ್ನು ಸೇರಿಸಿದಳು. ಸಂಸ್ಥೆಯವರು ಅದನ್ನು ಮತ್ತೆ ಕನ್ನಡಕ್ಕೆ ತಂದರು. ಪುಸ್ತಕ ಕೈಗೆ ಬಂದಾಗ ಅತ್ತೆ ನೋಡಿದ್ದು ಫೋಟೋ ಒಂದನ್ನೇ. ಹುಬ್ಬಿನ ಮೇಲಿನ ಹಿಟ್ಟನ್ನು ಯಾಕೆ ಹೇಳಲಿಲ್ಲ ಎಂದು ನನ್ನನ್ನು ಫೋನಿನಲ್ಲಿ ಬೈದರು. ಆದರೂ ಖುಷಿಯಾಗಿದ್ದರು. ಎರಡು ಪ್ರತಿಗಳನ್ನು ತವರಿಗೆ ಕಳಿಸಿದರು.

ಅಪ್ಪ ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ಸಂಜೆ ಹಾಲು ಹಾಕುವ ಹೊತ್ತಿಗೆ ಊರಿನ ಅರ್ಧ ಜನ ಕ್ಯಾನು ಹಿಡಿದುಕೊಂಡು ಅಲ್ಲಿರುತ್ತಾರೆ. ಅಮ್ಮ ಹೆಮ್ಮೆಯಿಂದ ಪುಸ್ತಕವನ್ನು ಅಲ್ಲಿಗೇ ತೆಗೆದುಕೊಂಡು ಹೋದರು. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಸರದಿ ಬರುವವರೆಗೆ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ನಡೆದದ್ದನ್ನು ಅಮ್ಮ ನನಗೆ ಹೇಳಿದರು. ಕೊನೆಯ ಮನೆಯ ಮುದುಕರು, ಅಪ್ಪನಿಗೆ ದೂರದ ದೊಡ್ಡಪ್ಪ, ಕ್ಯಾನನ್ನು ಮೇಜಿನ ಮೇಲಿಟ್ಟು ಕೇಳಿದರಂತೆ:

“ಏನ್ಲಾ ಸೆಕ್ರೆಟ್ರಿ, ತಂಗಿಯ ತುಳ್ದು ಇಸ್ಕೂಲ್ ಬುಡುಸ್ದೋನು ಯಾರ್ಲಾ? ನಿಮ್ಮಪ್ಪನೋ, ನೀನೋ?”

ಪಕ್ಕದಲ್ಲಿದ್ದ ಹೆಂಗಸೊಬ್ಬಳು ಅಪ್ಪನ ಪರವಾಗಿಯೇ ಮಾತಾಡಿದಳು. “ಅವ್ಳ ತುಳ್ಯೋವಂತ ಕಾಲು ಈ ಊರ್ನಾಗೆ ಯಾರ್ಗದೆ ಬುಡಿ ತಾತ. ತುಳ್ದಿದ್ರೆ ಆ ಕಾಲು ಇವತ್ತ್ಗಂಟ ಉಳೀತಿತ್ತಾ?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಹಾಲು ಅಳೆದು, ಸ್ಯಾಂಪಲ್ ತೆಗೆದು, ಬರೆದುಕೊಂಡು, ಮುಂದಿನವರನ್ನು ಕರೆದರು. ಅವತ್ತಿನಿಂದ ತಂಗಿಯ ಮಾತು ಎತ್ತಿದರೆ ಎದ್ದು ಹೋಗತೊಡಗಿದರು.

ನಮ್ಮ ಕಡೆಯ ಜನರಿಗೆ ಇದೊಂದು ರೂಢಿ. ಯಾರಿಗಾದರೂ ಅನ್ಯಾಯವಾಗಿದೆ ಎಂದರೆ ಅಯ್ಯೋ ಎನ್ನುವುದಕ್ಕೆ ಮೊದಲು ಯಾರು ಮಾಡಿದರು ಎಂದು ಕೇಳುತ್ತಾರೆ. ಅರಳಿಕಟ್ಟೆಯ ನ್ಯಾಯ ಶುರುವಾಗುವುದೂ ಹಾಗೆಯೇ. ಹೆಸರು ಹೇಳು, ಕರೆಸೋಣ ಎನ್ನುತ್ತಾರೆ. ಮಾಡಿದವನ ಹೆಸರಿಲ್ಲದ ಅನ್ಯಾಯ ಅವರ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಮೈಸೂರಿನಲ್ಲಿ ಮರುಕದಿಂದ ಬರೆದ ಸಾಲನ್ನು ನಮ್ಮೂರಿನವರು ದೂರು ಎಂದೇ ಓದಿದರು. ದೂರು ಕೊಟ್ಟವಳು ತಂಗಿ, ದೂರಿಗೆ ಗುರಿಯಾದವನು ಅಣ್ಣ ಎಂದು ಅರ್ಥ ಮಾಡಿಕೊಂಡರು. ನನ್ನ ತಾತ, ಅಂದರೆ ಅಪ್ಪನ ಅಪ್ಪ, ಸತ್ತು ಎಷ್ಟೋ ಕಾಲವಾಗಿತ್ತು. ಉತ್ತರ ಹೇಳಲು ಉಳಿದವರು ಅಪ್ಪ ಒಬ್ಬರೇ.

ಬೇರೆ ಸಮಯವಾಗಿದ್ದರೆ ಇದು ತಾನಾಗಿ ತಣ್ಣಗಾಗುತ್ತಿತ್ತು. ಆದರೆ ಅತ್ತೆಯ ಮಗಳ ಮದುವೆ ಹತ್ತಿರ ಬಂದಿತ್ತು.

ಮದುವೆ ಈಗ ಕಲ್ಯಾಣಮಂಟಪದಲ್ಲೇ ನಡೆದರೂ ಹಿಂದಿನ ದಿನ ಮನೆಯ ಮುಂದೆ ಚಪ್ಪರ ಹಾಕುವುದನ್ನು ನಮ್ಮವರು ಬಿಟ್ಟಿಲ್ಲ. ಶಾಮಿಯಾನದವರು ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಹೋಗಿರುತ್ತಾರೆ. ಆದರೂ ಒಂದು ಕಂಬ ಹಸಿಮರದ್ದಾಗಿರಬೇಕು: ಅತ್ತಿಯಂಥ, ಕಡಿದರೆ ಹಾಲು ಒಸರುವ ಮರದ ಕೊಂಬೆ. ಅದಕ್ಕೆ ಹಾಲುಗಂಬ ಎನ್ನುತ್ತೇವೆ. ಅದನ್ನು ಕಡಿದು ತಂದು ನೆಡುವುದು ಹುಡುಗಿಯ ಸೋದರಮಾವನ ಕೆಲಸ. ಅವನು ಬಾರದಿದ್ದರೆ ಬೇರೆ ಯಾರೋ ನೆಡುತ್ತಾರೆ, ಮದುವೆಯೇನೂ ನಿಲ್ಲುವುದಿಲ್ಲ. ಆದರೆ ಹೆಣ್ಣಿನ ತಾಯಿಗೆ ತವರು ಇಲ್ಲ ಎಂದು ಬೀಗರ ಮುಂದೆ, ಊರಿನ ಮುಂದೆ ಹೇಳಿದ ಹಾಗಾಗುತ್ತದೆ. ಅಂಥದ್ದನ್ನು ಜನ ಮರೆಯುವುದಿಲ್ಲ.

ಅತ್ತೆ ಮದುವೆಗೆ ಕರೆಯಲು ಅರಿಶಿನ ಕುಂಕುಮ ಹಿಡಿದುಕೊಂಡು ನಮ್ಮ ಮನೆಗೆ ಬಂದ ದಿನ ಅಪ್ಪ ಹೊಲಕ್ಕೆ ಹೋದರು. ಹೊಲದಲ್ಲಿ ಆ ಹೊತ್ತು ಮಾಡುವಂಥ ಕೆಲಸ ಏನೂ ಇರಲಿಲ್ಲ. ಅಮ್ಮ ಕುಂಕುಮ ಇಡಿಸಿಕೊಂಡರು. ಅತ್ತೆ ಊಟಕ್ಕೂ ಕೂರದೆ, ಅಣ್ಣ ಬರುತ್ತಾನೆಂದು ಬಸ್ಸಿನ ಹೊತ್ತಿನವರೆಗೆ ಜಗಲಿಯ ಮೇಲೆ ಕಾದು ಹೋದರಂತೆ. ಕಂಬದ ಬಗ್ಗೆ ಅಮ್ಮ ಕೇಳಿದ್ದಕ್ಕೆ ಅಪ್ಪ, ನೋಡೋಣ ಎಂದಷ್ಟೇ ಅಂದರು.

ಆ ರಾತ್ರಿ ಅತ್ತೆ ನನಗೆ ಫೋನ್ ಮಾಡಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

“ಆ ಪದ ಏನು ಅಂತ ನಿಮ್ಮಪ್ಪಂಗೆ ನೀನೇ ತಿಳ್ಸು ಮಗ. ನಾನ್ ಯೋಳುದ್ರೆ ಕೇಳಕಿಲ್ಲ. ಅವ್ನು ಕಂಬ ತರ್ನಿಲ್ಲ ಅಂದ್ರೆ ಏನ್ ಮಾಡನ? ಅದ ಬರ್ದೋರು ಬಂದು ಕಂಬ ನೆಟ್ಟಾರಾ?”

ಪದ ಏನು ಎಂದು ತಿಳಿಸುವುದು ನನ್ನ ವೃತ್ತಿ. ಹೋದ ವರ್ಷವಷ್ಟೇ ತರಗತಿಯಲ್ಲಿ ಇದೇ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ಎರಡಾಗಿ ಬಿಡಿಸಿದ್ದೆ. ‘ಡೌನ್’ ಎಂದರೆ ಕೆಳಗೆ. ‘ಟ್ರಾಡನ್’ ಎಂದರೆ ತುಳಿಯಲ್ಪಟ್ಟದ್ದು. ಕಾಲಿಟ್ಟು ನಡೆಯುವುದಕ್ಕೆ ಇಂಗ್ಲಿಷಿನಲ್ಲಿರುವ ಬಹಳ ಹಳೆಯ ಕ್ರಿಯಾಪದದಿಂದ ಬಂದದ್ದು. ಮೊದಮೊದಲು ಹುಲ್ಲಿಗೆ, ನೆಲಕ್ಕೆ ಹೇಳುತ್ತಿದ್ದರು. ಆಮೇಲೆ ಮನುಷ್ಯರಿಗೆ ಬಂತು. ನಮ್ಮ ‘ತುಳಿತಕ್ಕೊಳಗಾದವರು’ ಎಂಬ ಮಾತಿನಲ್ಲಿರುವ ಚಿತ್ರವೂ ಅದೇ. ಇದೇ ಅರ್ಥಕ್ಕೆ ಇಂಗ್ಲಿಷಿನ ಇನ್ನೊಂದು ಪದ ‘ಒಪ್ರೆಸ್ಡ್’; ಅದರಲ್ಲಿರುವುದು ಕಾಲಲ್ಲ, ಒತ್ತುವ ಭಾರ. ಸಂಸ್ಕೃತದಿಂದ ನಾವು ತಂದುಕೊಂಡ ‘ಶೋಷಿತ’ದಲ್ಲಿ ಒಣಗಿಸುವುದಿದೆ. ನನ್ನ ವಿದ್ಯಾರ್ಥಿಗಳು ಅಂದು ಇವನ್ನೆಲ್ಲ ಬರೆದುಕೊಂಡಿದ್ದರು. ಯಾರೂ ಪ್ರಶ್ನೆ ಕೇಳಿರಲಿಲ್ಲ.

ಈಗ ನನಗೇ ಕೆಲವು ಪ್ರಶ್ನೆಗಳಿದ್ದವು. ಕೋಣೆಯಲ್ಲಿ ಕೂತು ನಿಘಂಟುಗಳನ್ನೂ ಬಳಕೆಯ ಉದಾಹರಣೆಗಳನ್ನೂ ನೋಡುತ್ತಾ ಹೋದೆ. ಇಂಗ್ಲಿಷಿನಲ್ಲಿ ಆ ಪದ ಎಷ್ಟೋ ಭಾಷಣಗಳಲ್ಲಿ, ಎಷ್ಟೋ ವರದಿಗಳಲ್ಲಿ ಓಡಾಡಿ ಸವೆದಿದೆ. ಅದನ್ನು ಬರೆಯುವವರ ಕಣ್ಣ ಮುಂದೆ ಈಗ ಯಾವ ಕಾಲೂ ಬರುವುದಿಲ್ಲ. ಬಡವರು, ಕಷ್ಟಪಟ್ಟವರು ಎಂಬಷ್ಟೇ ಅರ್ಥದಲ್ಲಿ ಬರೆಯುತ್ತಾರೆ. ಕನ್ನಡಕ್ಕೆ ತಂದ ಕೂಡಲೇ ಕಾಲು ಮತ್ತೆ ಕಾಣಿಸಿಕೊಂಡಿತು. ನಾನು ಗಮನಿಸಿದ ಇನ್ನೊಂದು ವಿಷಯ: ‘ನಾವು’ ಎಂದು ಸೇರಿಸಿಕೊಂಡು ಆ ಪದವನ್ನು ಹೇಳಿದವರಿದ್ದಾರೆ. ನಮ್ಮೂರಿನ ಕೊನೆಯ ಬೀದಿಯ ದಲಿತರು ತಮ್ಮ ಸಭೆಗಳಲ್ಲಿ ಹೇಳುತ್ತಾರೆ. ಅವರು ಹೇಳಿದಾಗ ಯಾರು ತುಳಿದರು ಎಂದು ಡೈರಿಯಲ್ಲಿ ಯಾರೂ ತಮಾಷೆಗೂ ಕೇಳುವುದಿಲ್ಲ, ಕೇಳಬೇಕಾಗಿಲ್ಲ. ಆದರೆ ‘ನಾನು’ ಎಂದು ಒಬ್ಬರೇ ನಿಂತು ತಮಗೆ ಆ ಪದವನ್ನು ಹಚ್ಚಿಕೊಂಡವರನ್ನು ನಾನು ಕಂಡಿಲ್ಲ. ಒಬ್ಬರಿಗೆ ಅದನ್ನು ಹಚ್ಚುವವರು ಯಾವಾಗಲೂ ಇನ್ನೊಬ್ಬರು.

ಇದನ್ನೆಲ್ಲ ಅಪ್ಪನಿಗೆ ಹೇಗೆ ಹೇಳುವುದು ಎಂದು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡೆ. ಚಪ್ಪರದ ಹಿಂದಿನ ದಿನ ಅದು. ಬೆಳಿಗ್ಗೆ ತರಗತಿ ಮುಗಿಸಿ ಹುಣಸೂರಿನಿಂದ ಹೊರಟಿದ್ದೆ. ಅಪ್ಪನ ಜೊತೆ ನಾನು ಹೆಚ್ಚು ಮಾತಾಡುವವಳಲ್ಲ. ಅವರೂ ಅಷ್ಟೆ. ಬಂದ್ಯಾ ಎಂದು ಅವರು ಕೇಳುತ್ತಾರೆ, ಬಂದೆ ಎಂದು ನಾನು ಹೇಳುತ್ತೇನೆ. ನಮ್ಮ ನಡುವೆ ಪ್ರೀತಿಗೆ ಕೊರತೆ ಇಲ್ಲ. ಮಾತು ಅದಕ್ಕೆ ಬೇಕಾಗಿಲ್ಲ ಎಂದು ಇಬ್ಬರೂ ಬಹಳ ಹಿಂದೆಯೇ ಒಪ್ಪಿಕೊಂಡ ಹಾಗಿದೆ. ನಾನು ಹೇಳುವುದು ಕೆಟ್ಟು, ಅಪ್ಪ ಇನ್ನಷ್ಟು ಬಿಗಿದುಕೊಂಡರೆ ಎಂದು ಭಯವಾಗಿತ್ತು. ಅತ್ತೆಗೆ ಇನ್ನೊಬ್ಬ ಅಣ್ಣನಿಲ್ಲ. ಕೆಟ್ಟದ್ದನ್ನು ಸರಿಮಾಡಲು ಇನ್ನೊಂದು ದಿನವೂ ಇರಲಿಲ್ಲ.

ಮನೆಯಲ್ಲಿ ಅಮ್ಮ ಸೀರೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು. ಅಪ್ಪನ ಪಂಚೆ, ಶರ್ಟನ್ನು ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಿದ್ದರು; ಬ್ಯಾಗಿನೊಳಗೆ ಇಟ್ಟಿರಲಿಲ್ಲ. ಡೈರಿಯಲ್ಲಿದ್ದಾರೆ, ಹೋಗು ಎಂದು ಕಣ್ಣಲ್ಲೇ ಹೇಳಿದರು.

ನಾನು ಹೋದಾಗ ಹಾಲು ಹಾಕುವವರೆಲ್ಲ ಹೋಗಿ ಆಗಿತ್ತು. ಹಾಲಿನ ವ್ಯಾನೂ ಹೋಗಿತ್ತು. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅಪ್ಪ ಒಬ್ಬರೇ ಅಳತೆಯ ಲೀಟರುಗಳನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕುತ್ತಿದ್ದರು. ಬಂದ್ಯಾ ಎಂದರು. ಬಂದೆ ಎಂದೆ. ನಾನು ಒಂದು ಬಟ್ಟೆ ತೆಗೆದುಕೊಂಡು ತೊಳೆದವನ್ನು ಒರೆಸತೊಡಗಿದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮೊದಲ ವಾಕ್ಯವನ್ನು ಬಾಯಿಗೆ ತಂದುಕೊಳ್ಳುವಷ್ಟರಲ್ಲಿ ಅಪ್ಪನೇ ಕೇಳಿದರು.

“ಆ ಮಾತ ಅವ್ಳೇ ಅಂದ್ಲಾ?”

“ಇಲ್ಲಪ್ಪ.”

“ನೀನ್ ಅಲ್ಲೇ ಇದ್ಯಾ?”

“ಅಲ್ಲೇ ಇದ್ದೆ. ಅತ್ತೆ ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳಿದೋಳು ನಾನೇ. ಆ ಮಾತು ಅವರ ಬಾಯಲ್ಲಿ ಬರ್ಲೇ ಇಲ್ಲ.”

“ಮತ್ತೇನಂದ್ಲು?”

ಆಗ ಮನೆಯಲ್ಲಿ ಸೊಪ್ಪು ಕಟ್ಟಲು ಆಳಿರಲಿಲ್ಲ, ಅದಕ್ಕೆ ಶಾಲೆ ಬಿಟ್ಟೆ ಎಂದರು, ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ ಎಂದು ಹೇಳಿದೆ. ಅಪ್ಪ ತೊಳೆಯುವುದನ್ನು ನಿಲ್ಲಿಸಿದರು. ಕೈಯಲ್ಲಿದ್ದ ಲೀಟರಿನಿಂದ ನೀರು ಸೋರುತ್ತಿತ್ತು.

“ಅವ್ಳಾಗೇ ಬುಟ್ಟಿದ್ದು ಅಂದ್ಲಾ?”

ಹೌದು ಎಂದೆ.

“ಅವ್ಳಾಗೇ ಬುಡ್ನಿಲ್ಲ ಕಣವ್ವ. ನಮ್ಮಪ್ಪ ಬುಡುಸ್ದ. ಮಾರ್ನೆ ದಿನ ನಾನು ಬ್ಯಾಗ್ ತಗುಲಾಕ್ಕಂಡು ಇಸ್ಕೂಲ್ಗೆ ಓದೆ. ಅವ್ಳು ಬ್ಯಾರನ್ ತಾವು ಕುಂತಿದ್ಲು. ಇಸ್ಕೂಲ್ ಲಂಗವ ಮಂಡಿ ಮ್ಯಾಲೆ ಆಸ್ಕಂಡಿದ್ಲು, ಸೊಪ್ಪಿನ್ ಅಂಟು ಮೈಗಾಗ್ಬಾರ್ದು ಅಂತ. ನಾನ್ ಏನೂ ಅನ್ನಿಲ್ಲ. ಅಪ್ಪಂಗೂ ಅನ್ನಿಲ್ಲ, ಅವ್ಳ್ಗೂ ಅನ್ನಿಲ್ಲ.”

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಅದರ ಮುಂದೆ ಕೂತು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟುತ್ತಾರೆ. ಆ ಎಲೆಯ ಅಂಟು ಕೈಗೆ ಹತ್ತಿದರೆ ಕಪ್ಪಗೆ ಕೂರುತ್ತದೆ, ಸೋಪಿಗೂ ಹೋಗುವುದಿಲ್ಲ. ಆ ಲಂಗದ ಬಣ್ಣ ಯಾವುದಾಗಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಪ್ಪ ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿದ ನೆನಪಿಲ್ಲ.

ಆಮೇಲೆ ಅವರು, ಇಂಗ್ಲಿಷಿನಲ್ಲೂ ಆ ಮಾತು ಹಾಗೆಯೇ ಇದೆಯಾ, ಕಾಲಿನಲ್ಲಿ ತುಳಿಯುವುದೇ ಎಂದು ಕೇಳಿದರು. ಅಷ್ಟು ದೂರದಿಂದ ನಾನು ತಂದಿದ್ದ ಸಮಾಧಾನ ಇಲ್ಲಿ ಸಲ್ಲಬಹುದಿತ್ತು: ಈಗ ಅಲ್ಲಿ ಕಾಲಿಲ್ಲಪ್ಪ, ಪದ ಸವೆದಿದೆ, ಕಷ್ಟಪಟ್ಟವರು ಎಂಬಷ್ಟೇ ಅರ್ಥ ಎನ್ನಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಅವರು ಆ ಲಂಗದ ಮಾತು ಆಡಿದ ಮೇಲೆ ನನಗೆ ಅದನ್ನು ಹೇಳಲು ಮನಸ್ಸು ಬರಲಿಲ್ಲ. ಹೌದಪ್ಪ, ಅಲ್ಲೂ ಕಾಲಿನದೇ ಮಾತು ಎಂದೆ.

ಅಪ್ಪ ತಲೆ ಆಡಿಸಿದರು. ಲೀಟರನ್ನು ಮತ್ತೊಮ್ಮೆ ನೀರಿಗದ್ದಿ ತೆಗೆದರು.

“ಬರ್ದೋರ್ದು ಏನೂ ತಪ್ಪಿಲ್ಲ ಬುಡು. ಅವ್ಳ್ ಅನ್ನಿಲ್ವಲ್ಲ, ನಂಗಷ್ಟ್ ಸಾಕು.”

ಉಳಿದ ಲೀಟರುಗಳನ್ನು ಒರೆಸಿ ಸಾಲಾಗಿ ಇಟ್ಟೆ. ಅಪ್ಪ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿದರು. ಮನೆಯ ಕಡೆ ನಡೆಯುವಾಗ, ಕೆರೆ ಏರಿಯ ಕೆಳಗಿನ ಅತ್ತಿಮರದಲ್ಲಿ ನೆಟ್ಟಗಿರುವ ಕೊಂಬೆಯೊಂದನ್ನು ಹದಿನೈದು ದಿನದ ಹಿಂದೆಯೇ ನೋಡಿಟ್ಟಿದ್ದೇನೆ, ಬೇರೆ ಯಾರೂ ಕಡಿಯಬಾರದು ಎಂದು ಮರದವರಿಗೆ ಹೇಳಿದ್ದೇನೆ ಎಂದರು. ಆ ಕೊಂಬೆಗೆ ಗೂಡ್ಸ್ ಆಟೊ ಸಾಕೋ ಟ್ರ್ಯಾಕ್ಟರ್ ಬೇಕೋ ಎಂದು ನನ್ನನ್ನು ಕೇಳಿದರು. ಇಂಥ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಅವರು ಎಂದೂ ಕೇಳಿದವರಲ್ಲ. ಆಟೊ ಸಾಕು ಎಂದೆ, ಕೊಂಬೆಯನ್ನು ನೋಡದೆಯೇ.

ಅಂದರೆ ಆ ಎಲ್ಲ ದಿನ ಅವರು ಹೋಗಬೇಕೆಂದೇ ಇದ್ದರು. ತಂಗಿ ಎಲ್ಲರ ಮುಂದೆ ತನ್ನನ್ನು ದೂರಿರಬಹುದೇ ಎಂಬ ಒಂದು ಪ್ರಶ್ನೆಯನ್ನು ಯಾರಲ್ಲಿ ಕೇಳುವುದೆಂದು ತಿಳಿಯದೆ ಕೂತಿದ್ದರು. ತಂಗಿಯನ್ನೇ ಕೇಳಲು ಅವರಿಂದ ಆಗುತ್ತಿರಲಿಲ್ಲ. ಮನೆ ಮುಟ್ಟಿ ಅಮ್ಮನ ಮುಖ ನೋಡಿದ ಕೂಡಲೇ ನಾನು ಹೌದೆಂದು ತಲೆ ಆಡಿಸಿದೆ. ಅಮ್ಮ ಮಂಚದ ಮೇಲಿದ್ದ ಪಂಚೆ, ಶರ್ಟನ್ನು ಬ್ಯಾಗಿಗೆ ಹಾಕಿದರು. ನಾನು ಹಿತ್ತಲಿಗೆ ಹೋಗಿ ಅತ್ತೆಗೆ ಫೋನ್ ಮಾಡಿ, ಅಪ್ಪ ಬರುತ್ತಾರೆ ಎಂದೆ. ಅತ್ತೆ ತಮ್ಮ ಮಾಮೂಲಿ ದನಿಯಲ್ಲಿ, ಹಾಗಾದರೆ ಬೆಳಿಗ್ಗೆ ತಿಂಡಿಗೆ ಎಷ್ಟು ಜನ ಎಂದು ಕೇಳಿದರು. ನಾನು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಮರುದಿನ ಬೆಳಗಾಗುವ ಮೊದಲೇ ಅಪ್ಪ ಕೊಂಬೆ ಕಡಿಸಿ ತಂದರು. ಆಟೊದ ಹಿಂದೆ ಅದು ಉದ್ದಕ್ಕೆ ಚಾಚಿಕೊಂಡಿತ್ತು. ತುದಿಗೆ ಅಮ್ಮನ ಒಂದು ಹಳೆಯ ಕೆಂಪು ರವಿಕೆ ಬಟ್ಟೆ ಕಟ್ಟಿದರು. ಅಪ್ಪ ಡ್ರೈವರನ ಪಕ್ಕ ಕೂತರು. ನಾನೂ ಅಮ್ಮನೂ ಬಸ್ಸಿನಲ್ಲಿ ಹೊರಟೆವು. ನಾವು ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ಆಟೊ ಆಗಲೇ ಬಂದು ನಿಂತಿತ್ತು. ಅತ್ತೆ ಹೊಸ್ತಿಲು ದಾಟಿ ಬಂದು, ಅಣ್ಣನ ಮುಖ ನೋಡದೆ ಕೊಂಬೆಯನ್ನೇ ಮೇಲಿಂದ ಕೆಳಗೆ ನೋಡುತ್ತಿದ್ದರು.

“ಏನಣ್ಣ ಇದು, ಕಂಬವೋ ಅಲ್ಲುಜ್ಜೋ ಕಡ್ಡಿಯೋ?”

“ಪುಸ್ತಕದಾಗೆ ಬಂದೋಳು ನೀನು. ನಿಂಗೆ ತೇಗದ್ ಮರವೇ ತರ್ಬೇಕಿತ್ತು ಕಣವ್ವ, ಫಾರೆಸ್ಟ್‌ನೋರು ಬುಡ್ಬೇಕಲ್ಲ.”

ಆಟೊದವನು ನ್ಯಾಯ ಹೇಳುವವನಂತೆ, ಕಂಬ ಸರಿಯಾಗೇ ಇದೆ ಎಂದ. ಅತ್ತೆ ಅವನನ್ನು ಬೈದರು, ತಿಂಡಿ ತಿಂದು ಹೋಗು ಎಂದೂ ಹೇಳಿದರು. ಗುಂಡಿ ಎಲ್ಲಿ ತೋಡಬೇಕು ಎಂಬುದರ ಮೇಲೆ ಅಣ್ಣ ತಂಗಿಗೆ ಒಮ್ಮತವಾಗಲಿಲ್ಲ. ಅಪ್ಪ ತಮ್ಮ ಜಾಗದಲ್ಲೇ ತೋಡಿಸಿದರು. ಪೂಜೆ ಮಾಡಿ, ಹಾಲು ತುಪ್ಪ ಬಿಟ್ಟು ಕಂಬ ನೆಟ್ಟರು. ಅಪ್ಪ ಎರಡೂ ಕೈಯಿಂದ ಅದನ್ನು ಹಿಡಿದು ಅಲುಗಾಡಿಸಿ ನೋಡಿ, ಬುಡಕ್ಕೆ ಇನ್ನಷ್ಟು ಕಲ್ಲು ಹಾಕಿಸಿದರು. ಬೀಗರ ಕಡೆಯಿಂದ ಬಂದಿದ್ದ ಇಬ್ಬರು, ಹುಡುಗಿಯ ಸೋದರಮಾವನಾ ಎಂದು ಕೇಳಿ ಅಪ್ಪನಿಗೆ ಕೈ ಮುಗಿದರು.

ಅಡುಗೆಯವರಿಗೆ ತೆಂಗಿನಕಾಯಿ ತುರಿದುಕೊಡಲು ಅಮ್ಮ ನನ್ನನ್ನು ಕರೆಯುತ್ತಿದ್ದರು. ನಾನು ಕೇಳಿಸದ ಹಾಗೆ ಒಳಗೆ ಹೋದೆ. ಸೀರೆಯ ಡಬ್ಬಗಳನ್ನೂ ತಾಂಬೂಲದ ಚೀಲಗಳನ್ನೂ ತುಂಬಿಟ್ಟಿದ್ದ ಸಣ್ಣ ಕೋಣೆಯಲ್ಲಿ ಒಂದು ಚಾಪೆಯಷ್ಟು ಜಾಗ ಮಾಡಿಕೊಂಡು, ಕದ ಮುಂದಕ್ಕೆ ಮಾಡಿ, ಮಲಗಿದೆ. ಅತ್ತೆ ಫೋನ್ ಮಾಡಿದ ರಾತ್ರಿಯಿಂದ ಸರಿಯಾಗಿ ಬಾರದಿದ್ದ ನಿದ್ದೆ ಆಗ ಬಂತು.